‘ಬ್ಯೋಮಕೇಶ್ ಬಕ್ಷಿ’ಯನ್ನು ಮನೆಮಂದಿಯೊಡನೆ ನೋಡುವ ಬಗೆ

ಬಾಸು ಚಟರ್ಜಿ ನಿರ್ದೇಶಿಸಿದ, 1993ರಲ್ಲಿ ದೂರದರ್ಶನದಲ್ಲಿ ಆರಂಭವಾದ ಈ ಹಿಂದಿ ಪತ್ತೇದಾರಿ ಧಾರಾವಾಹಿಯನ್ನು ಹೊಸದಾಗಿ ನೋಡುವವರು ‘ಸತ್ಯಾನ್ವೇಷಿ’ ಎಂಬ ಮೊದಲ ಕಂತಿನಿಂದಲೇ ಶುರು ಮಾಡಬೇಕು. ಕಲ್ಕತ್ತೆಯ ಮೆಸ್ಸೊಂದರಲ್ಲಿ ಬರಹಗಾರ ಅಜಿತನಿಗೂ ಪತ್ತೇದಾರ ಬ್ಯೋಮಕೇಶನಿಗೂ ಪರಿಚಯವಾಗುವುದು ಅಲ್ಲಿಯೇ. ಆ ಸ್ನೇಹದ ಮೊದಲನ್ನು ಅರಿಯದೆ ಮುಂದಿನ ಕಂತುಗಳ ಸೊಗಸು ಪೂರ್ತಿ ದಕ್ಕುವುದಿಲ್ಲ.

ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ಅಂಜಿ ಎಲ್ಲರೂ ಒಳಗೇ ಉಳಿಯುವ ಮಧ್ಯಾಹ್ನ ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ದಖ್ಖನಿ ಉರ್ದು ಕಿವಿಗೆ ಬಿದ್ದೇ ಬೆಳೆದ ನಮ್ಮ ಭಾಗದವರಿಗೆ ಸಂಭಾಷಣೆ ತೊಡಕೆನಿಸದು. ಹಿಂದಿ ಬಾರದ ಹಿರಿಯರು ಜೊತೆಗಿದ್ದರೆ, ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಮೊದಲೇ ಕನ್ನಡದಲ್ಲಿ ತಿಳಿಸಿಬಿಡಿ.

ನೋಡುವಾಗ ಮಾತನಾಡುವವರ ಮುಖಕ್ಕಿಂತ, ಕೇಳಿಸಿಕೊಳ್ಳುತ್ತ ಕುಳಿತ ಬ್ಯೋಮಕೇಶನ ಮುಖವನ್ನೇ ಗಮನಿಸಿ. ರಜಿತ್ ಕಪೂರ್ ಅವರ ಅಭಿನಯದ ಹಿರಿಮೆ ಆ ಮೌನದಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗ್ರಾಮೋಫೋನ್ ಪಿನ್ನಿನ ಕೊಲೆಗಳ ಕತೆಯಲ್ಲಂತೂ ಕಣ್ಣಷ್ಟೇ ಸಾಲದು: ಬೀದಿಯಲ್ಲಿ ನಡೆಯುತ್ತಿದ್ದವರು ಎದೆಗೆ ಪಿನ್ನು ನಾಟಿ ಕುಸಿಯುತ್ತಾರೆ, ಗುಂಡು ಹಾರಿದ ಸದ್ದು ಯಾರಿಗೂ ಕೇಳಿಸಿರುವುದಿಲ್ಲ; ಆದ್ದರಿಂದ ಅಲ್ಲಿ ಕೇಳಿಬರುವ ಪ್ರತಿಯೊಂದು ಸಣ್ಣ ಸದ್ದಿಗೂ ಕಿವಿಗೊಡಬೇಕು.

ರಹಸ್ಯ ಬಿಡಿಸುವ ಮಾತು ಆರಂಭವಾಗುತ್ತಲೇ ವಿಡಿಯೊ ನಿಲ್ಲಿಸಿ, ಪ್ರತಿಯೊಬ್ಬರಿಂದಲೂ ತಮ್ಮ ಸಂಶಯ ಯಾರ ಮೇಲೆ, ಏಕೆ ಎಂದು ಹೇಳಿಸಿ. ಈಗಾಗಲೇ ಕತೆ ಗೊತ್ತಿದ್ದವರು ಆಗ ಬಾಯಿ ಬಿಡದಿರುವುದು ಕಡ್ಡಾಯ. 1997ರ ಎರಡನೆಯ ಸರಣಿಯನ್ನು ಮೊದಲನೆಯದು ಮುಗಿದ ನಂತರವೇ ತೆಗೆದುಕೊಳ್ಳಿ.