ಚಾಕು ಮಾಯವಾದ ಲೇಖನ

ಕಳೆದ ವರ್ಷ ಮಳೆಗಾಲ ಹತ್ತಿರ ಬಂದಾಗ ಕೊಡಗಿನ ನಾಪೋಕ್ಲು ಕಡೆಯ ಬೆಳೆಗಾರರೊಬ್ಬರು ನನ್ನ ಲೇಖನ ಓದಿ ಫೋನು ಮಾಡಿದರು. "ಮೈಲುತುತ್ತವನ್ನು ಸುಣ್ಣಕ್ಕೆ ಸುರಿಯಬೇಕೋ, ಸುಣ್ಣವನ್ನು ಮೈಲುತುತ್ತಕ್ಕೋ? ನೀವು ಬರೆದೇ ಇಲ್ಲವಲ್ಲ." ಬರೆದಿದ್ದೇನೆ ಎಂದು ವಾದಿಸಿದೆ. ಅಚ್ಚಾದ ಪ್ರತಿ ತೆಗೆದು ನೋಡಿದರೆ ಅವರ ಮಾತೇ ನಿಜ.

ನಮ್ಮ ಬೆಳೆಗಾರರ ಗುಂಪಿಗೆ ನಾಲ್ಕು ಪುಟದ ಕರಪತ್ರ ಬರೆಯುವ ಕೆಲಸ ಹೇಗೋ ನನ್ನ ತಲೆಗೆ ಕಟ್ಟಿದ್ದಾರೆ. ಆ ಸಲ ಕಾಳುಮೆಣಸಿನ ಸೊರಗು ರೋಗಕ್ಕೆ ಮಳೆಗೆ ಮೊದಲು ಹೊಡೆಯುವ ಶೇ 1ರ ಬೋರ್ಡೋ ದ್ರಾವಣದ ಬಗ್ಗೆ ಬರೆದಿದ್ದೆ; ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟು, ಮತ್ತು ಸುಣ್ಣ ಸೇರಿಸಿ ಮಾಡುವ ಶಿಲೀಂಧ್ರನಾಶಕ ಅದು. 1 ಕಿಲೋ ಮೈಲುತುತ್ತ 50 ಲೀಟರ್ ನೀರಿಗೆ, 1 ಕಿಲೋ ಸುಣ್ಣ ಇನ್ನೊಂದು ಡ್ರಮ್ಮಿನ 50 ಲೀಟರ್ ನೀರಿಗೆ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಕೊನೆಗೆ ಚಾಕು ಅದ್ದಿ ನೋಡಿ, ಅದರ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಇದನ್ನು ಮೊಬೈಲಿನಲ್ಲಿದ್ದ ಒಂದು ಎಐಗೆ ಕೊಟ್ಟು, "ಭಾಷೆ ಚೆನ್ನಾಗಿ ತಿದ್ದು" ಎಂದೆ. ಅದು ಮರಳಿ ಕೊಟ್ಟದ್ದು ನುಣುಪಾಗಿತ್ತು: "ಎರಡೂ ಘಟಕಗಳನ್ನು ಸರಿಯಾದ ಪ್ರಮಾಣದಲ್ಲಿ ಮಿಶ್ರಣ ಮಾಡುವುದು ಅತ್ಯಂತ ಮುಖ್ಯವಾಗಿದೆ." ಓದಲು ಹಿತವಾಗಿತ್ತು, ಅಚ್ಚಿಗೆ ಕಳುಹಿಸಿಬಿಟ್ಟೆ. ಸುರಿಯುವ ಕ್ರಮವೂ ಇಲ್ಲ, ಚಾಕುವೂ ಇಲ್ಲ. ತಪ್ಪು ನನ್ನದೇ, ತಿದ್ದು ಎಂದವನು ನಾನು, ಮತ್ತೊಮ್ಮೆ ಓದದವನೂ ನಾನು.

ಅಂದಿನಿಂದ ಅದಕ್ಕೆ ತಿದ್ದಲು ಹೇಳುವುದಿಲ್ಲ. ಪ್ರಶ್ನೆ ಕೇಳಲು ಹೇಳುತ್ತೇನೆ. "ಒಂದು ವಾಕ್ಯವನ್ನೂ ಬದಲಿಸಬೇಡ. ಕಾಫಿ ತೋಟವನ್ನೇ ನೋಡದ ಓದುಗ ನೀನು. ಇದನ್ನು ಓದಿ ಕೆಲಸ ಮಾಡಲು ಹೊರಟರೆ ಎಲ್ಲಿ ತಡವರಿಸುತ್ತೀಯ?" ಹೀಗೆ ಕೇಳಿದರೆ ಅದು ಬೇರೆಯೇ ಆಗಿಬಿಡುತ್ತದೆ. ಮರ ಕಪಾತಿನ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರುವ ಲೇಖನದಲ್ಲಿ ಯಾವ ತಿಂಗಳು ಎಂದು ಹೇಳುವುದನ್ನೇ ಮರೆತಿದ್ದೆ. ನಮಗೆಲ್ಲ ಗೊತ್ತಿರುವುದನ್ನು ಬರೆಯಲು ತೋಚುವುದಿಲ್ಲ. ಒಂದೇ ಪುಟದಲ್ಲಿ "ಮುಖ್ಯವಾಗಿ" ಎಂದು ಏಳು ಸಲ ಬರೆದದ್ದನ್ನೂ ಅದೇ ಹಿಡಿಯಿತು. ಆದರೂ ಅದರ ಲೆಕ್ಕವನ್ನು ನಂಬದೆ ನಾನೂ ಎಣಿಸಿ ನೋಡುತ್ತೇನೆ.

ಅಂಕ ಕೊಡು ಎನ್ನುವುದು ಮಾತ್ರ ದಂಡ. ಅದೇ ಲೇಖನಕ್ಕೆ ಬೆಳಿಗ್ಗೆ ಹತ್ತಕ್ಕೆ ಏಳು, ಸಂಜೆ ಒಂಬತ್ತು. ನಾನು ಬರೆದದ್ದು ಎಂದರೆ ಹೊಗಳುತ್ತದೆ, ಬೇರೆಯವರು ಬರೆದು ನನಗೆ ಒಪ್ಪಿಸಿದ್ದು ಎಂದರೆ ನಾಲಿಗೆ ಸ್ವಲ್ಪ ಸಡಿಲವಾಗುತ್ತದೆ. ಹಾಗಾಗಿ ಈಗ ಸುಳ್ಳು ಹೇಳಿಯೇ ಕೊಡುತ್ತೇನೆ.

ನಮ್ಮ ಪದಗಳ ವಿಷಯದಲ್ಲಿ ಅದರೊಡನೆ ಜಗಳ ಮುಗಿದಿಲ್ಲ. ಮಾರ್ಚ್–ಏಪ್ರಿಲಿನ ಹೂಮಳೆ ಅದರ ಕೈಯಲ್ಲಿ "ಹೂವುಗಳ ಸುರಿಮಳೆ" ಆಯಿತು. ಮದುವೆ ಮಂಟಪವೇನು? ಆ ಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ, ವರ್ಷದ ಫಸಲು ಅದರ ಮೇಲೆ ನಿಂತಿದೆ. ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲಮನೆ, ಎಂಬುದನ್ನು ಕಾಗುಣಿತದ ತಪ್ಪೆಂದು ಗುರುತು ಹಾಕಿ, "ಐದು ಮನೆ ಎಂದಿರಬಹುದೇ?" ಎಂದು ಕೇಳಿತು. ಇಂಗ್ಲಿಷಿಗೆ ಹೋಲಿಸಿದರೆ ಇಂಥ ಎಐಗಳು ಓದಿ ಕಲಿತಿರುವ ಕನ್ನಡ ತೀರಾ ಕಡಿಮೆ; ಅದರಲ್ಲಿ ಕೊಡಗಿನ ತೋಟದ ಮಾತು ಎಷ್ಟಿದ್ದೀತು? ಹೆಚ್ಚು ಕಂಡ ಮಾತೇ ಸರಿಯಾದ ಮಾತು ಎಂಬುದು ಅದರ ನ್ಯಾಯ. ಈಗ ಇಂಥ ಮೂವತ್ತು ಪದಗಳನ್ನು ಅರ್ಥದೊಡನೆ ಮೊದಲೇ ಕೊಟ್ಟು, ಇವನ್ನು ಮುಟ್ಟಬೇಡ ಎನ್ನುತ್ತೇನೆ. ಮುಟ್ಟುವುದು ಕಡಿಮೆಯಾಗಿದೆ, ನಿಂತಿಲ್ಲ.

ಅದರ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಲೇಖನವನ್ನು ಮನೆಯಲ್ಲಿ ಗಟ್ಟಿಯಾಗಿ ಓದುತ್ತೇನೆ. ಅವ್ವ ಅಡಿಗೆಮನೆಯಿಂದಲೇ "ಇದೇನು ರೇಡಿಯೋ ವಾರ್ತೆಯಾ?" ಎಂದರೆ ಆ ವಾಕ್ಯಕ್ಕೆ ಉಳಿಗಾಲವಿಲ್ಲ.

ಬೋರ್ಡೋ ಲೇಖನವನ್ನು ಈ ವರ್ಷ ಮತ್ತೆ ಹಾಕಬೇಕಾಯಿತು. ಹಳೆಯ ಕರಡನ್ನೇ ಕೊಟ್ಟು, ತಡವರಿಸುವ ಜಾಗ ಹೇಳು ಎಂದೆ. ಮೂರನೆಯ ಪ್ರಶ್ನೆ ಹೀಗಿತ್ತು: "ಚಾಕು ಯಾವ ಲೋಹದ್ದಾಗಿರಬೇಕು? ಸ್ಟೇನ್‌ಲೆಸ್ ಸ್ಟೀಲ್ ಆಗುತ್ತದೆಯೇ?" ಇಷ್ಟು ವರ್ಷ ನನಗೆ ಇದು ಹೊಳೆದೇ ಇರಲಿಲ್ಲ. ಈಗ ಎಲ್ಲರ ಅಡಿಗೆಮನೆಯಲ್ಲಿರುವುದು ಸ್ಟೀಲ್ ಚಾಕುವೇ, ಅದರ ಮೇಲೆ ತಾಮ್ರ ಸುಲಭಕ್ಕೆ ಕೂರುವುದಿಲ್ಲ. ಚಾಕು ಎಂಬುದನ್ನು ಹೊಡೆದುಹಾಕಿ, ತುಕ್ಕು ಉಜ್ಜಿ ತೆಗೆದ ಕಬ್ಬಿಣದ ಕತ್ತಿ ಎಂದು ಬರೆದೆ.