ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಅಂಗಡಿಯಲ್ಲೇ ಸೈಕಲ್ ಪಂಪ್ ಹೊಡೆಯಿರಿ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ಜೊತೆಗೆ ಕಂಪ್ಯೂಟರ್ ಹುಚ್ಚು. ಕೊಳ್ಳುವ ದುಡ್ಡಿಲ್ಲದಿದ್ದರೂ ಹೊಸ ಮಾಡೆಲ್ ಬಂತೆಂದರೆ ಅಂಗಡಿಗೆ ಹೋಗಿ ಮುಟ್ಟಿ ನೋಡಿ ಬರುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಅಲ್ಲಿಂದ "ಮೇಷ್ಟ್ರೇ, ಯಾವುದು ತಗೊಳ್ಳೋದು?" ಎಂದು ಕೇಳುವವರು ಜಾಸ್ತಿಯಾಗಿದ್ದಾರೆ. ನಾನು ಮಾಡೆಲ್ ಹೆಸರು ಹೇಳುವುದಿಲ್ಲ. ಆರು ತಿಂಗಳಿಗೆ ಅದು ಹಳತಾಗುತ್ತದೆ. ಅಂಗಡಿಯಲ್ಲಿ ನಿಂತು ಹೇಗೆ ಪರೀಕ್ಷೆ ಮಾಡಬೇಕು ಎಂದು ಹೇಳುತ್ತೇನೆ.

ಸೀರೆ ತೆಗೆಯುವಾಗ ಸೆರಗು ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತೇವೆ. ಐವತ್ತು ಸಾವಿರದ ಲ್ಯಾಪ್‌ಟಾಪನ್ನು ಮಾತ್ರ ಡಬ್ಬದ ಮೇಲಿನ ಚೀಟಿ ಓದಿ ತರುತ್ತೇವೆ. ನಾನೂ ಹಾಗೇ ತಂದಿದ್ದೆ. ಮನೆಗೆ ಬಂದು ಪ್ರಶ್ನೆಪತ್ರಿಕೆ ಟೈಪ್ ಮಾಡಲು ಕೂತರೆ "ಅಮ್ಮ" ಅನ್ನುವುದು "ಅಮಮ" ಆಯಿತು, "ಅಪ್ಪ" "ಅಪಪ" ಆದರು. ಎಫ್ ಕೀ ನಾಲ್ಕು ಸಲ ಒತ್ತಿದರೆ ಒಂದು ಸಲ ಬೀಳುತ್ತಿತ್ತು. ನಾನು ಬಳಸುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಇರುವುದೂ ಅದೇ. ಅದರಲ್ಲಿ ಎಫ್ ಒತ್ತದೆ ಒತ್ತಕ್ಷರವೇ ಬರುವುದಿಲ್ಲ. ಅಂಗಡಿಯವನು "ನೀವೇ ಏನೋ ಮಾಡಿದ್ದೀರಿ ಸಾರ್" ಎಂದ. ಸರ್ವಿಸ್ ಸೆಂಟರ್‌ಗೆ ಮೂರು ವಾರ ಅಲೆದೆ.

ಅದಕ್ಕೇ ಈಗ ಕಂಪ್ಯೂಟರ್ ಅಂಗಡಿಗಳೇ ತುಂಬಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವಾಗ ಪೂರ್ತಿ ತಯಾರಿ ಮಾಡಿಕೊಂಡೇ ಹೋಗುತ್ತೇನೆ. ವಾರದ ದಿನ ಬೆಳಗ್ಗೆ ಹೋಗಿ, ಅಂಗಡಿ ಖಾಲಿ ಇರುತ್ತದೆ. ಭಾನುವಾರ ಬಹಳಷ್ಟು ಬಾಗಿಲು ಮುಚ್ಚಿರುತ್ತವೆ. ಡೆಮೊ ಲ್ಯಾಪ್‌ಟಾಪಿನಲ್ಲಿ ಇಂಟರ್‌ನೆಟ್ ಇರುತ್ತದೆಂದು ನಂಬಬೇಡಿ. ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್ ಕೊಡಿ. ಬೇಕಾಗುವುದು ಒಂದು ಬ್ರೌಸರ್ ಅಷ್ಟೇ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಹಾಗಾಗಿ ಅಂಗಡಿಯವರೂ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.

ಮೊದಲು ಚಾರ್ಜರ್ ಕಿತ್ತುಬಿಡಿ. ಎಷ್ಟೋ ಲ್ಯಾಪ್‌ಟಾಪುಗಳು ಕರೆಂಟಿನಲ್ಲಿ ಕುದುರೆ, ಬ್ಯಾಟರಿಯಲ್ಲಿ ಕತ್ತೆ. ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಕರೆಂಟ್ ಇರುವುದೇ ಅಪರೂಪ, ನನಗೆ ಕತ್ತೆಯ ವೇಗವೇ ಮುಖ್ಯ.

ಈಗ ಫೆಟ್ (PhET) ತಾಣ ತೆರೆಯಿರಿ, ವಿಜ್ಞಾನದ ಪ್ರಯೋಗಗಳನ್ನು ಪರದೆಯ ಮೇಲೆಯೇ ಮಾಡಿ ನೋಡುವ ತಾಣ. ಭೌತಶಾಸ್ತ್ರಕ್ಕೆ 2001ರ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದು ಇದು. ಪುಕ್ಕಟೆ. ಮೊದಮೊದಲು ಇದರ ಪ್ರಯೋಗಗಳು ಜಾವಾ, ಫ್ಲಾಶ್ ಎಂಬ ಬೇರೆ ತಂತ್ರಾಂಶ ಕೇಳುತ್ತಿದ್ದವು. ಅವನ್ನು ಹಾಕಿಕೊಳ್ಳುವಷ್ಟರಲ್ಲಿ ಪೀರಿಯಡ್ ಮುಗಿಯುತ್ತಿತ್ತು! 2020ರ ಕೊನೆಗೆ ಫ್ಲಾಶ್ ಕಥೆ ಮುಗಿಯಿತು. ಈಗ ಹೆಚ್ಚಿನವು ಬ್ರೌಸರಿನಲ್ಲೇ ಓಡುತ್ತವೆ.

ಅದರಲ್ಲಿ "ಗ್ಯಾಸ್ ಪ್ರಾಪರ್ಟೀಸ್" ಅನ್ನುವುದನ್ನು ತೆಗೆಯಿರಿ. ಒಂದು ಡಬ್ಬ, ಪಕ್ಕದಲ್ಲಿ ಸೈಕಲ್ ಪಂಪ್. ಹಿಡಿ ಎಳೆದು ಹೊಡೆದರೆ ಅನಿಲದ ಕಣಗಳು ಒಳಗೆ ನುಗ್ಗುತ್ತವೆ. ಐದುನೂರು ಕಣ ತುಂಬಿಸಿ, ಕೆಳಗಿರುವ ಬಕೆಟ್ಟಿನಿಂದ ಬಿಸಿ ಮಾಡುತ್ತಾ ಹೋಗಿ. ಒತ್ತಡ ಮಿತಿ ಮೀರಿದಾಗ ಡಬ್ಬದ ಮುಚ್ಚಳ ಹಾರಿಹೋಗುತ್ತದೆ. ಪ್ರತಿ ಕಣದ ಓಟ, ಡಿಕ್ಕಿ ಎಲ್ಲವನ್ನೂ ನಿಮ್ಮ ಮುಂದಿರುವ ಯಂತ್ರವೇ ಲೆಕ್ಕ ಹಾಕುತ್ತಿರುತ್ತದೆ. ಕಣಗಳು ನುಣುಪಾಗಿ ಓಡುತ್ತಿವೆಯೇ, ತಡವರಿಸುತ್ತಿವೆಯೇ? ಐದು ನಿಮಿಷ ಬಿಟ್ಟು ಫ್ಯಾನಿನ ಸದ್ದು ಕೇಳಿ. ಕೀಲಿಮಣೆಯ ಮೇಲೆ ಅಂಗೈ ಇಡಿ, ಎಲ್ಲಿ ಸುಡುತ್ತದೆ ಗೊತ್ತಾಗುತ್ತದೆ. ಕಳೆದ ಸಲ ನಾನು ಹೀಗೆ ಮಾಡುವಾಗ ಅಂಗಡಿಯ ಹುಡುಗ "ಸಾರ್, ನಾನೊಂದ್ಸಲ ಹೊಡೀಲಾ?" ಎಂದು ಪಂಪ್ ತಗೊಂಡ. ಆಮೇಲೆ ಗಿರಾಕಿ ಬಂದರೂ ಬಿಡಲಿಲ್ಲ.

ಅದು ಓಡುತ್ತಿರುವಾಗಲೇ ಇನ್ನೊಂದು ಟ್ಯಾಬಿನಲ್ಲಿ ಬೇಕಾದ ಊರಿನ, ಬೇಕಾದ ದಿನದ ಆಕಾಶ ತೋರಿಸುವ ಸ್ಟೆಲೇರಿಯಂನ ವೆಬ್ ಆವೃತ್ತಿ ತೆರೆಯಿರಿ. ಊರು ಮಂಗಳೂರು, ದಿನ 2019ರ ಡಿಸೆಂಬರ್ 26, ಹೊತ್ತು ಬೆಳಗ್ಗೆ 9 ಗಂಟೆ 25 ನಿಮಿಷ. ಸೂರ್ಯನನ್ನು ಹಿಗ್ಗಿಸಿ ನೋಡಿ, ಕಂಕಣ ಗ್ರಹಣ! ಆಮೇಲೆ ರಾತ್ರಿಗೆ ತಿರುಗಿಸಿ, ಪರದೆಯನ್ನು ಹಿಂದೆ ಮುಂದೆ ಬಾಗಿಸಿ. ಕಪ್ಪು ಆಕಾಶ ಬೂದಿ ಬಣ್ಣಕ್ಕೆ ತಿರುಗಿದರೆ ಆ ಪರದೆ ಬೇಡ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಕಂಪನಿಯವರು ಮೊದಲು ದುಡ್ಡು ಉಳಿಸುವುದೇ ಪರದೆಯಲ್ಲಿ.

ಈಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿ. ಮೆಮೊರಿ ಅಂದರೆ ರ‍್ಯಾಮ್ ಎಷ್ಟು ಜಿಬಿ ಇದೆ, ಎಷ್ಟು ಆಗಲೇ ಖರ್ಚಾಗಿದೆ ಎಂದು ತೋರಿಸುತ್ತದೆ. 8 ಜಿಬಿಯಲ್ಲಿ ಹತ್ತು ಟ್ಯಾಬ್ ತೆಗೆದರೆ ಉಸಿರುಗಟ್ಟುವುದು ನಿಮಗೇ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಈಗ 16 ಜಿಬಿ ಕನಿಷ್ಠ. ಅಲ್ಲೇ ಕೆಳಗೆ ಫಾರ್ಮ್ ಫ್ಯಾಕ್ಟರ್ ಎಂಬ ಸಾಲು ನೋಡಿ. "ಸೋಡಿಮ್" ಎಂದಿದ್ದರೆ ಮುಂದೆ ರ‍್ಯಾಮ್ ಬದಲಾಯಿಸಬಹುದು. "ರೋ ಆಫ್ ಚಿಪ್ಸ್" ಎಂದಿದ್ದರೆ ಬೋರ್ಡಿಗೇ ಬೆಸುಗೆ ಹಾಕಿದ್ದು ಅಂತ ಅರ್ಥ. ಅಂಥದ್ದರಲ್ಲಿ ಇವತ್ತು ತಗೊಂಡಿದ್ದೇ ಕೊನೆತನಕ. "ಆಮೇಲೆ ಹಾಕಿಸ್ಕೋಬಹುದು ಸಾರ್" ಎಂದರೆ ಈ ಸಾಲನ್ನು ತೋರಿಸಿ.

ಎಐ ಸ್ಟಿಕ್ಕರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೈಕ್ರೋಸಾಫ್ಟ್ ಎಐ ಲ್ಯಾಪ್‌ಟಾಪುಗಳಿಗೆ ಕೊಡುವ ಕೋಪೈಲಟ್ ಪ್ಲಸ್ ಎಂಬ ಹೆಸರು ಸಿಗಲು ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ, ಎಐ ಕೆಲಸಕ್ಕೆಂದೇ ಇರುವ ಎನ್‌ಪಿಯು ಚಿಪ್ ಬೇಕು. ನನಗೂ ಆಸೆ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಮೇಲೆ ಹೇಳಿದ ಯಾವ ಕೆಲಸಕ್ಕೂ ಅದು ಬೇಕಿಲ್ಲ. ಅದೇ ದುಡ್ಡಲ್ಲಿ ಒಳ್ಳೆ ಪರದೆ ತಗೊಳ್ಳಿ.

ಇಷ್ಟೂ ಡೆಮೊ ಪೀಸಿನ ಪರೀಕ್ಷೆ. ನಿಮಗೆ ಕೊಡುವುದು ಬೇರೆ ಡಬ್ಬ, ನೆನಪಿರಲಿ. ಅದನ್ನು ಅಂಗಡಿಯಲ್ಲೇ ಬಿಚ್ಚಿಸಿ. ಡಬ್ಬ, ಲ್ಯಾಪ್‌ಟಾಪಿನ ತಳ, ಬಿಲ್ ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇರಬೇಕು. ಹೊಸ ಲ್ಯಾಪ್‌ಟಾಪ್ ಸೆಟಪ್ ಮುಗಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಒಂದು ಟೀ ಕುಡಿಯಿರಿ. ಆಮೇಲೆ ನೋಟ್‌ಪ್ಯಾಡ್ ತೆರೆದು ಪ್ರತಿ ಕೀಯನ್ನೂ ಹತ್ತು ಸಲ ಒತ್ತಿ. ನುಡಿ ಬಳಸುವವರು ಎಫ್, ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬಳಸುವವರು ಒತ್ತಕ್ಷರಕ್ಕೆ ಒತ್ತುವ ಡಿ, ಇವೆರಡರ ಮೇಲೆ ಜಾಸ್ತಿ ಕಣ್ಣಿಡಿ.

ಮನೆಗೆ ಬಂದ ಮೇಲೆ ಒಂದೇ ಕೆಲಸ. ಫೆಟ್‌ನಲ್ಲಿ ಪ್ರತಿ ಪ್ರಯೋಗದ ಹತ್ತಿರ ಡೌನ್‌ಲೋಡ್ ಗುಂಡಿ ಇರುತ್ತದೆ. ಇಡೀ ಪ್ರಯೋಗ ಒಂದೇ ಫೈಲಾಗಿ ಇಳಿಯುತ್ತದೆ, ಇಂಟರ್‌ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತದೆ. ನಾನು ಹತ್ತನೇ ಕ್ಲಾಸಿನ ವಿದ್ಯುತ್ ಪಾಠಕ್ಕೆ ಸರ್ಕ್ಯೂಟ್ ಕಟ್ಟುವುದನ್ನೂ ಈ ಪಂಪನ್ನೂ ಪೆನ್‌ಡ್ರೈವಿಗೆ ಹಾಕಿಟ್ಟಿದ್ದೇನೆ. ಕೀಲಿಕೈ ಗೊಂಚಲಲ್ಲಿ ಬೈಕಿನ ಕೀ ಪಕ್ಕದಲ್ಲೇ ಅದು ನೇತಾಡುತ್ತಿರುತ್ತದೆ.