ತಕ್ಕಡಿ, ಸೂಜಿ ಮತ್ತು ಕಪ್ಪು ಸ್ಪಿನೆಲ್ ಕರಿಮಣಿ: ನನ್ನ ಅನುಭವ

ಹೋದ ದೀಪಾವಳಿಗೆ ನನ್ನ ಸ್ಪಿನೆಲ್ ಅನ್ನುವ ಹರಳಿನ ಕರಿಮಣಿ ಸರಕ್ಕೆ ಎರಡು ವರ್ಷ ತುಂಬಿತು. ಶುರುವಿನ ತಪ್ಪುಗಳನ್ನು ತಿದ್ದಿಕೊಂಡ ಮೇಲೆ ಇಲ್ಲಿಯವರೆಗೆ ಹತ್ತಿರ ಹತ್ತಿರ 60 ಸರ ಪೋಣಿಸಿಕೊಟ್ಟಿದ್ದೇನೆ. ರಿಪೇರಿಗೆ ವಾಪಸ್ ಬಂದದ್ದು ಮೂರು. ಅದರಲ್ಲಿ ಒಂದನ್ನು ಮಗು ಜೋತು ಬಿದ್ದು ಕಿತ್ತದ್ದು, ಅದನ್ನು ನಾನು ಲೆಕ್ಕಕ್ಕೇ ಹಿಡಿಯಲ್ಲ. ಮೈಸೂರಲ್ಲಿ ನಮಗೆ ಚಿನ್ನದ ಕೆಲಸ ಮಾಡಿಕೊಡುವ ಆಚಾರ್ರು ಮೊದಲ ದಿನವೇ ಹೇಳಿದ್ದರು, "ಕರಿಮಣಿಗೆ ಯಾರಾದ್ರೂ ಹರಳು ಹಾಕ್ತಾರೇನಮ್ಮಾ? ಮೂರು ತಿಂಗಳು ತಡೆಯಲ್ಲ." ಈಗ ಅವರೇ ಗಿರಾಕಿಗಳನ್ನು ನನ್ನ ಮನೆಗೆ ಕಳಿಸುತ್ತಾರೆ. ಅದಕ್ಕೇ ಈ ಬರಹ.

ಲೈನ್ ಅಂದರೆ ಅಂಗಡಿಯಲ್ಲಿ ದಾರಕ್ಕೆ ಪೋಣಿಸಿ ಮಾರುವ ಮಣಿಗಳ ಒಂದು ಎಳೆ, ಗೇರ್ ವೈರ್ ಅಂದರೆ ಪ್ಲಾಸ್ಟಿಕ್ ಹೊದಿಕೆಯ ತೆಳು ಉಕ್ಕಿನ ತಂತಿ. ಸರ ಪೋಣಿಸುವವರಿಗೆ ಅದೆಲ್ಲ ಗೊತ್ತಿರುವುದೇ.

ಶುರುವಿನಲ್ಲಿ ನಾನು ಕೆಟ್ಟದ್ದು ಹೊಳಪು ನೋಡಿ. ಬೆಂಗಳೂರಿನ ಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಬಲ್ಬಿನ ಕೆಳಗೆ ಲೈನ್ ಎತ್ತಿ ಹಿಡಿದರು. ಕಣ್ಣು ಕುಕ್ಕುವ ಹಾಗೆ ಮಿಂಚಿತು. "ಪ್ಯೂರ್ ಸ್ಪಿನೆಲ್ ಮೇಡಂ, ಲಾಸ್ಟ್ ಪ್ರೈಸ್ 180." ಹಿಂದೆ ಮುಂದೆ ನೋಡದೆ 40 ಲೈನ್ ತಗೊಂಡೆ. ಏಳು ಸಾವಿರದ ಚಿಲ್ಲರೆ ಹೋಯಿತು. ಅಲ್ಲಿ ಉರಿಯುತ್ತಿದ್ದ ಬಲ್ಬಿನ ಕೆಳಗೆ ಅಂಗಿ ಗುಂಡಿ ಇಟ್ಟಿದ್ದರೂ ಮಿಂಚುತ್ತಿತ್ತು ಅನ್ನೋದು ಆಮೇಲೆ ಹೊಳೆಯಿತು.

ಪೂರ್ತಿ ಕಣ್ಣು ಮುಚ್ಚಿ ನಂಬಿದ್ದೆ ಅಂತಲ್ಲ. ಮನೆಗೆ ಬಂದು ಪರೀಕ್ಷೆ ಮಾಡಿದೆ. ನೇಲ್ ಪಾಲಿಶ್ ರಿಮೂವರ್‌ನಲ್ಲಿ ಹತ್ತಿ ಅದ್ದಿ ಉಜ್ಜಿದೆ. ಪಕ್ಕದಲ್ಲೇ ಒಂದು ಗುಲಾಬಿ ಅಗೇಟ್ ಲೈನ್ ಇತ್ತು, ಅದರ ಬಣ್ಣ ಹತ್ತಿಗೆ ಚೆನ್ನಾಗಿ ಇಳಿಯಿತು. ಕಪ್ಪು ಮಣಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಬಣ್ಣ ಹಾಕಿದ್ದಲ್ಲ, ಅಸಲಿ ಮಾಲೇ ಅಂತ ಬೀಗಿದೆ. ಅದು ಕಪ್ಪು ಓನಿಕ್ಸ್ ಅನ್ನುವ ಬೇರೆ ಕಲ್ಲು, ಅದಕ್ಕೆ ಸಾಮಾನ್ಯವಾಗಿ ಮೇಲಿಂದ ಬಣ್ಣ ಬಳಿಯುವುದಿಲ್ಲ, ಕಲ್ಲನ್ನು ಸಕ್ಕರೆ ನೀರಲ್ಲಿ ದಿನಗಟ್ಟಲೆ ನೆನೆಸಿ ಆಮೇಲೆ ಸಲ್ಫ್ಯೂರಿಕ್ ಆಸಿಡ್‌ಗೆ ಹಾಕುತ್ತಾರೆ, ಒಳಗೆ ಸೇರಿದ ಸಕ್ಕರೆ ಸುಟ್ಟು ಕರಿ ಆಗುತ್ತದೆ ಅನ್ನೋದು ಆಗ ಗೊತ್ತಿರಲಿಲ್ಲ. ಇದ್ದಿಲಿನ ಬಣ್ಣ ರಿಮೂವರ್‌ಗೆ ಹೋಗುತ್ತಾ? ನಾನು ಸ್ಪಿನೆಲ್ ಅಂತ ಮಾರಿದ್ದು ಸುಟ್ಟ ಸಕ್ಕರೆ.

ಅದು ಗೊತ್ತಾಗಲು ಎಂಟು ತಿಂಗಳು ಬೇಕಾಯಿತು. ಒಬ್ಬರು ಸರ ತಂದು "ಅಂಚೆಲ್ಲ ಸವೆದಿದೆ, ಮೊದಲಿನ ಮಿಂಚು ಇಲ್ಲ" ಅಂದರು. ನೋಡಿದರೆ ನಿಜ. ಮನೆಯ ಧೂಳಿನಲ್ಲೂ ಮರಳಿನ ಪುಡಿ ಇರುತ್ತೆ, ಹತ್ತರ ಮಾಪನದಲ್ಲಿ (ಮೊಹ್ಸ್) ಅದರ ಗಡಸುತನ 7. ಗಾಜು ಐದೂವರೆ, ಓನಿಕ್ಸ್ ಆರೂವರೆಯಿಂದ ಏಳು, ಸ್ಪಿನೆಲ್ 8. ದಿನಾ ಮೈಮೇಲೆ ಇರುವ ಸರದಲ್ಲಿ ಈ ವ್ಯತ್ಯಾಸ ಕಾಣದೆ ಇರಲ್ಲ.

ಉತ್ತರ ಸಿಕ್ಕಿದ್ದು ನನ್ನದೇ ಟೇಬಲ್ ಮೇಲೆ. ಬೆಳ್ಳಿ ತೂಗಲು ಒಂದು ಪುಟ್ಟ ಡಿಜಿಟಲ್ ತಕ್ಕಡಿ ಇಟ್ಟುಕೊಂಡಿದ್ದೆ. ಜೈಪುರದಿಂದ ಹಿಂದೆ ಯಾವಾಗಲೋ ಸ್ಯಾಂಪಲ್ ಅಂತ ಬಂದಿದ್ದ ಒಂದು ಲೈನ್ ಡಬ್ಬಿಯಲ್ಲಿತ್ತು. ಸುಮ್ನೆ ತೂಗಿದೆ. 3 ಮಿ.ಮೀ. ಮಣಿ, 13 ಇಂಚು, 5 ಗ್ರಾಂ ಹತ್ತಿರ ಬಂತು. ನಾನು ಕೊಂಡಿದ್ದ ಲೈನ್, ಅದೇ ಸೈಜು, ಅದೇ ಉದ್ದ, ಮೂರೂವರೆ ಗ್ರಾಂ ಚಿಲ್ಲರೆ. ಇನ್ನೊಂದು ತೂಗಿದೆ, ಅದೇ ಕಥೆ. ನೆಲದ ಮೇಲೆ ಕೂತು 40ರಲ್ಲಿ ಉಳಿದಿದ್ದ ಎಲ್ಲವನ್ನೂ ತೂಗಿದೆ. ಒಂದೇ ಒಂದು ಲೈನ್ ಕೂಡ ನಾಲ್ಕು ಗ್ರಾಂ ಮುಟ್ಟಲಿಲ್ಲ. ಸ್ಪಿನೆಲ್ ನೀರಿಗಿಂತ 3.6 ಪಟ್ಟು ಭಾರ, ಓನಿಕ್ಸ್ 2.6, ಸಾದಾ ಗಾಜು ಎರಡೂವರೆ. ಒಂದೇ ಸೈಜಿನ ಮಣಿಯಾದರೆ ತಕ್ಕಡಿ ಸುಳ್ಳು ಹೇಳಲ್ಲ.

ಈಗ ಅಂಗಡಿಗೆ ಹೋದರೆ ಬ್ಯಾಗಿನಲ್ಲಿ ತಕ್ಕಡಿ ಇರುತ್ತೆ. ಮೊದಮೊದಲು ನಕ್ಕರು. "ಮೇಡಂ, ತರಕಾರಿ ತಗೊಳ್ಳೋಕೆ ಬಂದ್ರಾ?" ಅಂತ ಒಬ್ಬ ಹುಡುಗ ಕೇಳಿದ. ಎರಡನೇ ಲೈನ್ ತೂಗುವಷ್ಟರಲ್ಲಿ ಒಳಗಿನಿಂದ ಯಜಮಾನರು ಬೇರೆ ಡಬ್ಬಿ ತಂದರು. ಆ ಡಬ್ಬಿ ಮೊದಲೇ ಯಾಕೆ ಹೊರಗೆ ಬರಲಿಲ್ಲ ಅಂತ ನಾನು ಕೇಳಲಿಲ್ಲ.

ತಕ್ಕಡಿ ಒಂದೇ ಸಾಲದು. ಸೀಸ ಬೆರೆಸಿದ ಕ್ರಿಸ್ಟಲ್ ಗಾಜೂ ಭಾರವೇ. ಅದಕ್ಕೆ ಕೆನ್ನೆಗೆ ಒತ್ತಿ ನೋಡಿ. ಕಲ್ಲು ತಣ್ಣಗೆ ಕೊರೆಯುತ್ತೆ, ಗಾಜು ಬೇಗ ಬೆಚ್ಚಗಾಗುತ್ತೆ. ಆಮೇಲೆ ಐಗ್ಲಾಸ್‌ನಲ್ಲಿ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಮಣಿಯ ಮೈಮೇಲಿನ ಚಪ್ಪಟೆ ಮುಖಗಳ ಅಂಚು ನೋಡಬೇಕು. ಅಚ್ಚಿನಲ್ಲಿ ಒತ್ತಿದ ಗಾಜಿನ ಅಂಚು ಬಾಯಲ್ಲಿಟ್ಟ ಕಲ್ಲುಸಕ್ಕರೆ ಹಾಗೆ ಮೊಂಡು. ಕೊರೆದ ಸ್ಪಿನೆಲ್ ಅಂಚು ಗೆರೆ ಎಳೆದ ಹಾಗೆ ಚೂಪು.

ಈ ಚೂಪೇ ನನಗೆ ಎರಡನೇ ಸಲ ಕೈ ಕೊಟ್ಟಿತು. ಅಸಲಿ ಮಾಲು ಸಿಕ್ಕಿತಲ್ಲ ಅಂತ ನೈಲಾನ್ ದಾರದಲ್ಲಿ ಹನ್ನೊಂದು ಸರ ಪೋಣಿಸಿದೆ. ಎರಡು ಮೂರು ತಿಂಗಳಲ್ಲಿ ಒಂದೊಂದಾಗಿ ತುಂಡಾದವು. ಒಂದು ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲೇ ಕಿತ್ತು ಮಣಿಯೆಲ್ಲ ಎಲೆ ಮೇಲೆ ಬಿದ್ದವಂತೆ. ಕರಿಮಣಿ ಕಿತ್ತರೆ ಹೆಂಗಸರಿಗೆ ಎಷ್ಟು ಸಂಕಟ ಅಂತ ಹೇಳಬೇಕಾಗಿಲ್ಲ ಅಲ್ವಾ? ಹನ್ನೊಂದನ್ನೂ ಕೈಯಿಂದ ದುಡ್ಡು ಹಾಕಿ ಮತ್ತೆ ಕಟ್ಟಿಕೊಟ್ಟೆ. ಮೊದಲಿನ ಲೈನ್‌ಗಳೂ ಸೇರಿ ಆ ವರ್ಷ 20 ಸಾವಿರದ ಹತ್ತಿರ ನಷ್ಟ. ಆಚಾರ್ರು ಏನೂ ಅನ್ನಲಿಲ್ಲ. ಸುಮ್ನೆ ಕ್ಯಾಲೆಂಡರ್ ಕಡೆ ನೋಡಿದರು.

ತಪ್ಪು ದಾರದ್ದಲ್ಲ, ತೂತಿನದ್ದು. ಎಷ್ಟೋ ಮಣಿಗೆ ಎರಡೂ ಕಡೆಯಿಂದ ಡ್ರಿಲ್ ಮಾಡಿರುತ್ತಾರೆ. ನಡುವೆ ಎರಡು ತೂತು ಸರಿಯಾಗಿ ಸಂಧಿಸದಿದ್ದರೆ ಒಳಗೆ ಒಂದು ಮೆಟ್ಟಿಲು ಉಳಿಯುತ್ತೆ. ಹೊರಗಿನ ಬಾಯಿ ಚಕ್ಕೆ ಎದ್ದಿದ್ದರೆ ಅದು ಗರಗಸ. ಕಪ್ಪು ಮಣಿಯಲ್ಲಿ ಆ ಚಕ್ಕೆ ಬೂದು ಬಣ್ಣದ ಉಂಗುರದ ಹಾಗೆ ಕಾಣುತ್ತೆ. ಈಗ ನಾನು ಲೈನ್‌ನ ನಡುವಿನಿಂದ ಹತ್ತು ಮಣಿ ಬಿಡಿಸಿ ಸೂಜಿ ಹಾಯಿಸುತ್ತೇನೆ. ತುದಿಯ ಮಣಿ ಬೇಡ, ತುದಿಯಲ್ಲಿ ಯಾವಾಗಲೂ ಒಳ್ಳೆಯದನ್ನೇ ಇಟ್ಟಿರುತ್ತಾರೆ. ಹತ್ತರಲ್ಲಿ ಎರಡು ತಡೆದರೆ ಪರವಾಗಿಲ್ಲ, ಮೂರು ತಡೆದರೆ ಲೈನ್ ವಾಪಸ್. ಪಾಸಾದ ಮಣಿಯೊಳಗೆ ಬಿಳಿ ರೇಷ್ಮೆ ಎಳೆ ಹಾಕಿ ಮೂವತ್ತು ಸಲ ಹಿಂದೆ ಮುಂದೆ ಎಳೆಯುತ್ತೇನೆ. ಎಳೆಯಲ್ಲಿ ಜುಂಗು ಎದ್ದರೆ ಆ ಲಾಟ್ ಮುಟ್ಟಲ್ಲ.

ದಾರ ಬಿಟ್ಟು 0.38 ಮಿ.ಮೀ. ಗೇರ್ ವೈರ್‌ಗೆ ಬಂದೆ. 3 ಮಿ.ಮೀ. ಮಣಿಯ ತೂತು ಸಾಮಾನ್ಯವಾಗಿ ಅರ್ಧ ಮಿ.ಮೀ. ಇರುತ್ತೆ, ಆರಾಮಾಗಿ ಹೋಗುತ್ತೆ. 2 ಮಿ.ಮೀ. ಮಣಿ ನೋಡಲು ಬಹಳ ನಾಜೂಕು, ಆದರೆ ತೂತು ಸಣ್ಣದು, ತೆಳು ವೈರ್ ಹಾಕಬೇಕು, ನನಗೆ ಧೈರ್ಯ ಇಲ್ಲ. 4 ಮಿ.ಮೀ. ಆದರೆ ಭಾರ. 30 ಇಂಚಿನ ಎರಡೆಳೆ ಸರಕ್ಕೆ 3 ಮಿ.ಮೀ. ಮಣಿ 23 ಗ್ರಾಂ ಆಗುತ್ತೆ, 4 ಮಿ.ಮೀ. 40 ದಾಟುತ್ತೆ. ಸಂಜೆ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತೆ.

ತೂತಿನ ಬಾಯಿಯನ್ನು ನಯ ಮಾಡಲು ನಾನು ಒಂದು ವಿಧಾನ ಕಂಡುಕೊಂಡಿದ್ದೇನೆ. ಒಂದೊಂದು ಮಣಿಗೂ ರೀಮರ್ (ತೂತು ಉಜ್ಜುವ ಕಡ್ಡಿ) ಹಾಕುವುದಲ್ಲ, ಇಡೀ ಲೈನ್ ಒಟ್ಟಿಗೆ ಆಗುತ್ತೆ. ಹೇಗೆ ಅಂತ ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಆರು ತಿಂಗಳು ಒದ್ದಾಡಿದ್ದೇನೆ. ಜೈಪುರದಲ್ಲಿ ಯಾರ ಹತ್ತಿರ ತರಿಸುತ್ತೇನೆ ಅನ್ನೋದೂ ನನ್ನಲ್ಲೇ ಇರಲಿ. ರೇಟು ಬೇಕಾದರೆ ಹೇಳುತ್ತೇನೆ: ಲೈನ್‌ಗೆ 270-300. ಒಂದು ಸರಕ್ಕೆ ಐದು ಲೈನ್ ಬೇಕು, ಆರಿಸಿ ಬಿಸಾಕಿದ್ದೂ ಸೇರಿ. ಮಜೂರಿ 900. ಚಿನ್ನ ಗಿರಾಕಿಯದ್ದು.

ಚಿನ್ನದ ವಿಷಯದಲ್ಲಿ ಆಚಾರ್ರ ಅನುಮಾನ ಅರ್ಧ ಸರಿ ಇತ್ತು. ಅವರ ಪ್ರಕಾರ ಕೆಡುವುದು ಮಣಿ, ನಿಜವಾಗಿ ಸವೆದದ್ದು ಚಿನ್ನ. 22 ಕ್ಯಾರೆಟ್ ಗುಂಡಿನ ಪಕ್ಕ ಚೂಪು ಮುಖದ ಸ್ಪಿನೆಲ್ ಕೂತರೆ ಗುಂಡಿನ ಬಾಯಿ ತೇಯುತ್ತೆ. ಆರು ತಿಂಗಳು ನನ್ನ ಸರದಲ್ಲೇ ನೋಡಿದೆ, ಗುಂಡಿನ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು. ಈಗ ಪ್ರತಿ ಗುಂಡಿನ ಎರಡೂ ಕಡೆ ಮುಖ ಇಲ್ಲದ, ನುಣ್ಣನೆ ಸ್ಪಿನೆಲ್ ಮಣಿ ಒಂದೊಂದು ಹಾಕುತ್ತೇನೆ. ಹೇಳದಿದ್ದರೆ ಯಾರ ಕಣ್ಣಿಗೂ ಬೀಳಲ್ಲ. ಇದನ್ನು ಕೇಳಿದ ಮೇಲೇ ಆಚಾರ್ರು ತಲೆ ಆಡಿಸಿದ್ದು.

ನಡುವೆ ಬೇರೆ ಕಲ್ಲಿನ ಹುಚ್ಚೂ ಹಿಡಿದಿತ್ತು. ಅಮೆಥಿಸ್ಟ್ ಲೈನ್‌ನ ಅರ್ಧಕ್ಕೆ ಅಡುಗೆಮನೆಯ ಫಾಯಿಲ್ ಸುತ್ತಿ ಏಪ್ರಿಲ್, ಮೇ ಎರಡು ತಿಂಗಳು ತಾರಸಿ ಮೇಲೆ ಇಟ್ಟೆ. ಬಿಸಿಲು ಬಿದ್ದ ಅರ್ಧ ನೇರಳೆಯಿಂದ ತೊಳೆದ ಸೀರೆ ಬಣ್ಣಕ್ಕೆ ಬಂತು. ನೀಲಿ ಅಪಟೈಟ್ ಕಣ್ಣಿಗೆ ಹಬ್ಬ, ಆದರೆ ಗಡಸುತನ ಬರೀ 5. ಬಳೆ ಮಾಡಿದೆ, ಪಾತ್ರೆ ತೊಳೆಯುವಾಗಲೇ ಎರಡು ಮಣಿ ಚಕ್ಕೆ ಎದ್ದವು. ಗಾರ್ನೆಟ್ ಮಾತ್ರ ಬಿಸಿಲಿಗೂ ಹೆದರಲಿಲ್ಲ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಅರಿಶಿನದ ತೊಂದರೆ ಇದ್ದೇ ಇದೆ. ತಾಳಿಗೆ ದಿನಾ ಅರಿಶಿನ ಹಚ್ಚುವವರ ಸರದಲ್ಲಿ ತೂತಿನ ಬಾಯಲ್ಲಿ ಹಳದಿ ಗಟ್ಟಿಯಾಗಿ ಕೂರುತ್ತೆ. ಉಗುರು ಬೆಚ್ಚಗಿನ ಸೋಪಿನ ನೀರು, ಮಕ್ಕಳ ಮೆತ್ತನೆ ಟೂತ್‌ಬ್ರಷ್. ಅಷ್ಟು ಸಾಕು.

ಇಷ್ಟೆಲ್ಲ ಆದ ಮೇಲೂ ಒಪ್ಪದೆ ಇದ್ದವರು ನಮ್ಮ ಅತ್ತೆ. ಅವರಿಗೆ ಕರಿಮಣಿ ಅಂದರೆ ಗಾಜಿನದ್ದೇ. ಬ್ರಿಟಿಷ್ ರಾಜರ ಕಿರೀಟದಲ್ಲಿರುವ ಬ್ಲ್ಯಾಕ್ ಪ್ರಿನ್ಸ್ ರೂಬಿ ಅನ್ನುವ ಕೆಂಪು ಕೂಡ ಅಸಲಿಗೆ ಸ್ಪಿನೆಲ್ಲೇ ಅಂತ ಹೇಳಿದೆ. "ಅವ್ರಿಗೂ ಮೋಸ ಮಾಡಿದ್ರಾ ಹಾಗಾದ್ರೆ?" ಅಂದರು. ಹೋದ ವರ್ಷ ಶ್ರಾವಣದಲ್ಲಿ ತಾವಾಗಿಯೇ ತಮ್ಮ ಹಳೇ ಸರ ತಂದು ನನ್ನ ಮುಂದೆ ಇಟ್ಟರು. "ಇದನ್ನೂ ನಿನ್ ಕಲ್ಲಲ್ಲಿ ಮಾಡ್ಕೊಡು. ಆದ್ರೆ ಎರಡು ಗಾಜಿನ ಮಣಿ ಇರ್ಲಿ, ಶಾಸ್ತ್ರಕ್ಕೆ."

ಕೊಕ್ಕೆ ಹತ್ತಿರ, ಹೆರಳಿನ ಕೆಳಗೆ ಮರೆಯಾಗುವ ಜಾಗದಲ್ಲಿ ಎರಡು ಹಾಕಿದೆ. ಆಮೇಲೆ ಅದೇ ರೂಢಿ ಆಯಿತು. ಈಗ ಪ್ರತಿ ಸರದಲ್ಲೂ ಕೊಕ್ಕೆ ಹತ್ತಿರ ಎರಡು ಗಾಜಿನ ಕರಿಮಣಿ ಇರುತ್ತೆ. ಅದಕ್ಕೆ ದುಡ್ಡು ಹಾಕಲ್ಲ.